ಕೆಳಗೆ ಸಹಿ ಮಾಡಿರುವ ಚಿನಿಕಾಜಿ

ಚಿನಿಕಾಜಿ ತಾಮ್ರಾಕಾರರು ಎಡಗಣ್ಣು ಮುಚ್ಚಿದರೆಂದರೆ ಯಾರದೋ ಹುಟ್ಟಿದ ಇಸವಿ ಬದಲಾಗುತ್ತಿದೆ ಎಂದೇ ಅರ್ಥ. ನಮ್ಮ ವಿಕ್ರಮ ಸಂವತ್ತಿನ ದಿನಾಂಕವನ್ನು ಪರದೇಶದವರ ಇಸವಿಗೆ ಇಳಿಸುವ ಆ ಕ್ಷಣಮಾತ್ರದ ಸಮಾಧಿಯಲ್ಲಿ ಅವರ ಬಲಗಣ್ಣು ಎದುರಿಗೆ ಕುಳಿತವರ ಹಣೆಯ ಮೇಲೆ ನೆಟ್ಟಿರುತ್ತಿತ್ತು. ತುಟಿ ಎರಡು ಸಲ ಅಲುಗುತ್ತಿತ್ತು. ಮುಚ್ಚಿದ ಕಣ್ಣು ತೆರೆಯುವಷ್ಟರಲ್ಲಿ ತಾರೀಖು, ತಿಂಗಳು, ಇಸವಿ ಮೂರೂ ಸಿದ್ಧವಾಗಿರುತ್ತಿದ್ದವು. ನಮ್ಮ ಲೆಕ್ಕದಲ್ಲಿ ಕೆಲವು ತಿಂಗಳಿಗೆ ಮೂವತ್ತೆರಡು ದಿನ; ಆಷಾಢದ ಮೂವತ್ತೆರಡನೆಯ ದಿನ ಹುಟ್ಟಿದವರು ನಮ್ಮಲ್ಲಿ ಬೇಕಾದಷ್ಟು ಜನ. ಮೂವತ್ತೊಂದರ ಆಚೆ ಲೆಕ್ಕವೇ ಇಲ್ಲದ ದೇಶಗಳಿಗೆ ಅವರೆಲ್ಲ ಹೊರಟು ನಿಂತಾಗ ಒಂದು ಮರ್ಯಾದಸ್ಥ ತಾರೀಖು ಹುಡುಕಿಕೊಟ್ಟವರು ಈ ಚಿನಿಕಾಜಿ. ಪಂಚಾಂಗ ಮೇಜಿನ ಡ್ರಾಯರಿನಲ್ಲೇ ಇತ್ತು, ಆದರೆ ಅದನ್ನು ಅವರು ತೆರೆದದ್ದನ್ನು ನಾನು ನೋಡಿರಲಿಲ್ಲ. ಕೇಳಿದರೆ, "ಪಂಚಾಂಗ ನೋಡೋದು ಪುರೋಹಿತರ ಕೆಲಸ ಸಾಹುಜೀ, ನಾನು ತಾಮ್ರದ ಜಾತಿಯವನು, ಕೈಲಿ ತಟ್ಟಿ ನೋಡಿದ್ರೆ ಸಾಕು, ಬಿರುಕು ಎಲ್ಲಿದೆ ಗೊತ್ತಾಗುತ್ತೆ" ಎನ್ನುತ್ತಿದ್ದರು.

ನಮ್ಮ ರಾಜಧಾನಿಯ ಲಾಜಿಂಪಾಟಿನ ರಸ್ತೆಯಲ್ಲಿ, ಕರ್ಪೂರದ ಮರದ ಕೆಳಗೆ, ಬಿಳಿ ಗೋಡೆಯ ರಾಯಭಾರ ಕಚೇರಿಗೆ ಸರಿಯಾಗಿ ಎದುರಾಗಿ ಅವರ ಮೇಜು. ಆ ದೇಶದ ಹೆಸರು ಇಲ್ಲಿ ಬೇಡ. ಅಲ್ಲಿ ವರ್ಷದ ಅರ್ಧ ಹಿಮ ಬೀಳುತ್ತದೆ, ಉಳಿದರ್ಧ ಕಾಗದ ಕೇಳುತ್ತಾರೆ ಎಂದಷ್ಟು ಹೇಳಿದರೆ ಸಾಕು. ಮೇಜಿನ ಬೆನ್ನಿಗೆ ಅಂಟಿಕೊಂಡಂತೆ ನನ್ನ ಫೋಟೋ ಅಂಗಡಿ, ಅದಕ್ಕೇ ಅವರ ಬಾಯಲ್ಲಿ ನಾನು ಸಾಹುಜೀ. ಕಿವಿ ಕಾಣುವಂತೆ ಕೂದಲು ಹಿಂದೆ ಸರಿಸಿ, ನಗಬೇಡಿ, ಕತ್ತು ನೇರ ಮಾಡಿ ಎಂದು ಇಪ್ಪತ್ತು ವರ್ಷ ಜನರನ್ನು ಗದರಿದವನು ನಾನು. ಹೊರಗೆ ಬಂದ ಅದೇ ಜನರನ್ನು ಮತ್ತೆ ನಗಿಸಿ ಕಳಿಸುತ್ತಿದ್ದವರು ಚಿನಿಕಾಜಿ. ಜನ್ಮಪತ್ರ, ಲಗ್ನಪತ್ರ, ನಡತೆಯ ಪತ್ರ, ಹಸು ಇದೆ ಎಂಬ ಪತ್ರ, ಯಾವುದನ್ನು ಕೊಟ್ಟರೂ ಇಂಗ್ಲಿಷಿಗೆ ತಿರುಗಿಸಿ, ಬಳುಕುವ ಅಕ್ಷರದಲ್ಲಿ ಬರೆದು, ಮೇಲಿನ ಕೋಣೆಯ ಉಪ್ರೇತಿ ವಕೀಲರ ಬಳಿಗೆ ಕಳಿಸುವರು. ವಕೀಲರು ಪತ್ರಿಕೆಯಿಂದ ತಲೆ ಎತ್ತದೆ ಮೊಹರು ಒತ್ತಿ ಸಹಿ ಹಾಕುವರು. ಬರೆದವರ ಹೆಸರು ಕಾಗದದಲ್ಲಿ ಎಲ್ಲಿಯೂ ಇರುತ್ತಿರಲಿಲ್ಲ.

ಅವರ ಮೈಮೇಲಿನ ಕೋಟು ಒಂದು ಪ್ರತ್ಯೇಕ ಅಧ್ಯಾಯ. ಅವಧಿ ಮುಗಿಸಿ ಊರಿಗೆ ಹೊರಡುವ ರಾಜತಾಂತ್ರಿಕರು ಸಾಮಾನುಗಳನ್ನು ಅಂಗಳದಲ್ಲಿ ಹರವಿ ಮಾರಿ ಹೋಗುವುದು ನಮ್ಮ ಊರಿನ ಒಂದು ಸಣ್ಣ ಹಬ್ಬ. ಹಾಗೊಮ್ಮೆ ಆರೂವರೆ ಅಡಿಯ ಯಾವನೋ ಅಧಿಕಾರಿ ಬಿಟ್ಟುಹೋದ ಕಪ್ಪು ಉಣ್ಣೆಯ ಕೋಟು ಐದಡಿಯ ಚಿನಿಕಾಜಿಯ ಪಾಲಿಗೆ ಬಂದಿತ್ತು. ತೋಳನ್ನು ಎರಡು ಸುತ್ತು ಮಡಚಿದರೂ ಬೆರಳ ತುದಿ ಮಾತ್ರ ಕಾಣುತ್ತಿತ್ತು. ಲಂಗರಿನ ಗುರುತಿದ್ದ ಹಿತ್ತಾಳೆಯ ಗುಂಡಿಗಳನ್ನು ಅವರು ದಿನಾ ಬೆಳಿಗ್ಗೆ ಬೂದಿ ಹಾಕಿ ಉಜ್ಜುತ್ತಿದ್ದರು. ಅದನ್ನು ತೊಟ್ಟು, ಒಂದು ಭುಜ ಮೇಲೆತ್ತಿ, ಚರಂಡಿಯ ಅಂಚಿನ ಕಲ್ಲಿನ ಮೇಲೇ ಹೆಜ್ಜೆಯಿಡುತ್ತ ಅವರು ಬರುವಾಗ ಕೋಟೇ ಮನುಷ್ಯನನ್ನು ಹೊತ್ತು ತರುತ್ತಿದೆ ಎನ್ನಿಸುತ್ತಿತ್ತು. ಪಾದಚಾರಿ ದಾರಿ ತೆರವು ಮಾಡಿಸಲು ಬಂದ ಪೊಲೀಸರಿಗೆ ಅವರು ಗುಂಡಿ ತೋರಿಸಿ, "ನನ್ನನ್ನ ಬೇಕಾದ್ರೆ ಎಬ್ಬಿಸಿ, ಕೋಟನ್ನ ಮುಟ್ಟಬೇಡಿ, ಎರಡು ದೇಶದ ಸಂಬಂಧ ಕೆಡುತ್ತೆ" ಎಂದರೆ, ಪೊಲೀಸರೂ ನಕ್ಕು ಮುಂದೆ ಹೋಗುತ್ತಿದ್ದರು.

ಮಾತಿಗೆ ಮುಂಚೆ 'ಕಾಗದದ ಪ್ರಕಾರ' ಎನ್ನುವುದು ಅವರ ಚಟ. "ಕಾಗದದ ಪ್ರಕಾರ ನನಗೆ ಅರವತ್ತೆರಡು, ಮಂಡಿ ಪ್ರಕಾರ ಎಂಬತ್ತು." "ಕಾಗದದ ಪ್ರಕಾರ ಇವತ್ತು ಮಳೆ ಇಲ್ಲ, ಕೊಡೆ ಇರಲಿ." ಹದಿನಾಲ್ಕು ರಾಯಭಾರ ಕಚೇರಿಗಳ ರಜಾದಿನಗಳು ಅವರಿಗೆ ಬಾಯಿಪಾಠ. ತಿಂಗಳಿಗೆ ನಾಲ್ಕು ಜಾತ್ರೆಯ ನಮ್ಮ ಊರಿನಲ್ಲಿ ಈ ಕಚೇರಿಗಳು ನಮ್ಮ ಹಬ್ಬಕ್ಕೂ ಬಾಗಿಲು ಹಾಕುತ್ತವೆ, ತಮ್ಮ ಹಬ್ಬಕ್ಕೂ ಹಾಕುತ್ತವೆ. ಒಮ್ಮೆ ದೂರದ ಬೆಟ್ಟದ ಜುಮ್ಲಾದಿಂದ ಐದು ದಿನ ನಡೆದೂ ಬಸ್ಸಿನಲ್ಲಿ ಕುಲುಕಿಯೂ ಬಂದ ಮುದುಕನೊಬ್ಬ ಮುಚ್ಚಿದ ಗೇಟಿನ ಮುಂದೆ ನಿಂತು, "ಯಾಕಂತೆ ರಜಾ?" ಎಂದ.

"ಅವರ ರಾಜ ಹುಟ್ಟಿದ ದಿನ, ಬಾಜೆ" ಎಂದರು ಚಿನಿಕಾಜಿ.

"ನಮ್ಮ ರಾಜನ್ನೇ ನಾವು ಮನೆಗೆ ಕಳಿಸಿ ಆಯ್ತು. ಅವರ ರಾಜ ಹುಟ್ಟಿದ್ರೆ ನನ್ನ ಕಾಲು ಯಾಕೆ ನೋಯ್ಬೇಕು?"

ಆ ಮುದುಕನನ್ನು ಅಂದು ತಮ್ಮ ಮನೆಗೇ ಕರೆದೊಯ್ದು ಅವಲಕ್ಕಿ, ಹುರಿದ ಸೋಯಾಕಾಳು ಕೊಟ್ಟು ಮಲಗಿಸಿದರು. ದೇವರು ಕೊಟ್ಟರೂ ಪೂಜಾರಿ ಬಿಡ ಎಂಬ ಗಾದೆ ಈ ಬೀದಿಯಲ್ಲೇ ಹುಟ್ಟಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಚಿನಿಕಾಜಿಗೆ ಆ ಬಿಳಿ ಗೋಡೆಯ ಮೇಲೆ ಕೋಪವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ. ಮೂವತ್ತೊಂದು ವರ್ಷ ಎದುರಿಗೇ ಕೂತಿದ್ದರೂ ಒಮ್ಮೆಯೂ ರಸ್ತೆ ದಾಟಿ ಒಳಗೆ ಹೋದವರಲ್ಲ. "ಅಡುಗೆಯವನು ಮದುವೆ ಚಪ್ಪರಕ್ಕೆ ಹೋಗಬಾರದು" ಎನ್ನುತ್ತಿದ್ದರು.

ಈಗ ಹೇಳಬೇಕಾದ್ದು ಅವರ ಒಂದು ತಪ್ಪಿನ ಕತೆ. ಅದರಲ್ಲಿ ನನ್ನ ಪಾಲೂ ಇದೆ, ಆದ್ದರಿಂದ ಮುಚ್ಚಿಡುವುದಿಲ್ಲ.

ದಸರೆಗೆ ಹತ್ತು ದಿನ ಮುಂಚೆ, ಮ್ಯಾಗ್ದಿಯ ಬೆಟ್ಟದ ಊರಿನಿಂದ ಮನಸರಾ ಪುನ್ ಎಂಬ ಹೆಣ್ಣುಮಗಳು ಎಂಟು ವರ್ಷದ ಎಲಿಸಾಳ ಕೈ ಹಿಡಿದು ಬಂದಳು. ಗಂಡ ಆ ಹಿಮದ ದೇಶದಲ್ಲಿ ಅಡುಗೆಯ ಕೆಲಸ ಮಾಡಿ ಮಾಡಿ, ಹನ್ನೊಂದು ವರ್ಷದ ಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಅನುಮತಿ ಗಳಿಸಿದ್ದ. ಅಷ್ಟು ವರ್ಷದಲ್ಲಿ ಆತ ಮನೆಗೆ ಬಂದದ್ದು ಎರಡೇ ಸಲ. ಮಗಳ ಜನ್ಮಪತ್ರವನ್ನು ಇಂಗ್ಲಿಷಿಗೆ ತಿರುಗಿಸಬೇಕಿತ್ತು. ಅದೇ ಹೊತ್ತಿಗೆ ನನ್ನ ಅಂಗಡಿಯ ಮುಂದೆ ಕಾಲೇಜಿನ ಒಂದು ಗುಂಪು ಫೋಟೋಕ್ಕಾಗಿ ಕಾಯುತ್ತಿತ್ತು. ಬೀದಿಗೆಲ್ಲ ಚಿನಿಕಾಜಿ 'ದಾಯಿ', ಅಂದರೆ ಅಣ್ಣ. ನಾನು ಹುರುಪಿನಿಂದ, "ಯಾವ ದಿನ ಬೇಕಾದ್ರೂ ಕೇಳಿ, ನಮ್ಮ ಕಾಜಿ ದಾಯಿ ಪಂಚಾಂಗ ಮುಟ್ಟದೆ ಹೇಳ್ತಾರೆ" ಎಂದು ಪಂಥ ಕಟ್ಟಿಸಿದೆ. ಆ ಗುಂಪಿನವರು ಒಬ್ಬೊಬ್ಬರೇ ತಮ್ಮ ಹುಟ್ಟಿದ ದಿನ ಹೇಳುವುದು, ಚಿನಿಕಾಜಿ ಕಣ್ಣು ಮುಚ್ಚುವುದು, ಇವರು ಮೊಬೈಲಿನಲ್ಲಿ ತಾಳೆ ನೋಡಿ ಚಪ್ಪಾಳೆ ತಟ್ಟುವುದು. ಆ ಚಪ್ಪಾಳೆಗಳ ನಡುವೆ, ಅದೇ ಉಮೇದಿನಲ್ಲಿ, ಎಲಿಸಾಳ ಪೂಸ್ ತಿಂಗಳ ಇಪ್ಪತ್ತೂ ತಿರುಗಿ ಕಾಗದಕ್ಕೆ ಇಳಿಯಿತು.

ಪೂಸ್, ಅಂದರೆ ಪುಷ್ಯ, ಹೊಸ್ತಿಲ ತಿಂಗಳು. ಅದರ ಮೊದಲರ್ಧದವರೆಗೆ ನಮ್ಮ ಸಂವತ್ತಿನಿಂದ ಐವತ್ತೇಳು ಕಳೆಯಬೇಕು. ಹದಿನಾರೋ ಹದಿನೇಳೋ ದಿನ ಕಳೆದು ಅವರ ಜನವರಿ ಹುಟ್ಟಿತೋ, ಐವತ್ತಾರನ್ನಷ್ಟೇ ಕಳೆಯಬೇಕು. ಇದು ಚಿನಿಕಾಜಿಗೆ ಗೊತ್ತಿಲ್ಲದ್ದೇನಲ್ಲ, ಬೀದಿಗೆ ಕಲಿಸಿದವರೇ ಅವರು. ಆದರೂ ಆ ದಿನ ಕೈ ಕೊಟ್ಟಿತು. ಪೂಸ್ ಇಪ್ಪತ್ತನ್ನು ಸರಿಯಾಗಿ ಜನವರಿ ನಾಲ್ಕಕ್ಕೆ ಇಳಿಸಿದರು, ಇಸವಿಯನ್ನು ಮಾತ್ರ ಹಳೆಯದರಲ್ಲೇ ಬಿಟ್ಟರು. ನೆವಾರರಾದ ಅವರ ಮನೆಯಲ್ಲಿ ಹೊಸ ವರ್ಷ ಬರುವುದು ದೀಪಾವಳಿಗೆ, ಬೀದಿಯಲ್ಲಿ ಬರುವುದು ವೈಶಾಖಕ್ಕೆ. ಪೂಸ್‌ನ ಚಳಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕಿತ್ತಳೆ ಸುಲಿಯುವ ನಮ್ಮಂಥವರಲ್ಲಿ ಯಾರಿಗೂ ಆಗ ವರ್ಷ ಬದಲಾಗುವುದಿಲ್ಲ. ಇದು ನಾನು ಅವರ ಪರವಾಗಿ ಹೇಳುವ ಸಮಾಧಾನ, ಅವರು ಹೇಳಿಕೊಂಡದ್ದಲ್ಲ.

ಮಾಘದ ಒಂದು ಮಧ್ಯಾಹ್ನ ಮನಸರಾ ಮತ್ತೆ ಬಂದಳು, ಒಬ್ಬಳೇ. ಎರಡು ದಿನದ ಬಸ್ಸಿನ ಧೂಳು ಮುಖದ ಮೇಲೆ ಹಾಗೆಯೇ ಇತ್ತು. ರವಿಕೆಯೊಳಗಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು.

"ಓದಿ ಬುವಾ. ನಮ್ಮೂರ ಮೇಷ್ಟ್ರು ಓದಿದ್ರು. ಓದಿ ಸುಮ್ಮನಾಗ್ಬಿಟ್ರು. ಏನಂತ ಬಾಯೇ ಬಿಡ್ಲಿಲ್ಲ."

ಚಿನಿಕಾಜಿ ಓದಿದರು. ಒಮ್ಮೆ ಓದಿ, ಮೊದಲಿನಿಂದ ಮತ್ತೊಮ್ಮೆ ಓದಿದರು. ನಾನು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ.

"ವೀಸಾ ಕೊಡಲ್ಲ ಅಂದಿದಾರೆ, ನಾನಿ." ಮಗಳಂಥವರನ್ನೆಲ್ಲ ಅವರು ಕರೆಯುವುದೇ ಹಾಗೆ.

"ಯಾಕೆ?"

"ನಿನ್ನ ಗಂಡ ರಜಾ ಮೇಲೆ ಊರಿಗೆ ಬಂದದ್ದು ಫಾಲ್ಗುಣದಲ್ಲಿ. ಮಗು ಹುಟ್ಟಿದ್ದು ಅದಕ್ಕೆ ಏಳು ವಾರ ಮುಂಚೆ ಅಂತ ಬರ್ದಿದಾರೆ. ಅದರ ಹಿಂದಿನ ಎರಡು ವರ್ಷ ಅವನು ಇಲ್ಲಿರಲೇ ಇಲ್ಲ ಅಂತ ಪಾಸ್‌ಪೋರ್ಟು ಹೇಳುತ್ತೆ."

ಮಾತಿನ ಅರ್ಥ ಹೊಳೆದಾಗ ಅವಳು ಅಳಲಿಲ್ಲ, ಎದ್ದು ನಿಂತಳು.

"ಯಾರು ಹೇಳಿದ್ದು ಅವರಿಗೆ? ಅವರು ಬಂದು, ಆರು ತಿಂಗಳು ಇದ್ದು, ವಾಪಸ್ ಹೋಗಿ ನಾಲ್ಕು ತಿಂಗಳಾದ ಮೇಲೆ ಹುಟ್ಟಿದ ಮಗು ಅದು! ನಮ್ಮತ್ತೇನೇ ಹೊಕ್ಕುಳಬಳ್ಳಿ ಕೊಯ್ದಿದ್ದು. ಇಡೀ ಊರಿಗೇ ಗೊತ್ತು. ಯಾವ ಬಾಯಿ ಹೇಳಿತು ಅವರಿಗೆ ಈ ಮಾತು?"

"ನಾನೇ ಹೇಳಿದ್ದು" ಎಂದರು ಚಿನಿಕಾಜಿ. "ನಾನೇ ನಾನಿ. ಒಂದು ವರ್ಷ ಹಿಂದಕ್ಕೆ ಬರೆದುಬಿಟ್ಟೆ."

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಆದರೆ ರಸ್ತೆಯಾಚೆಯ ಆ ಗಾಜಿನ ಕಿಟಕಿಗೆ ಅಂಗೈ ಕಾಣುವುದಿಲ್ಲ, ಕನ್ನಡಿ ಮಾತ್ರ ಕಾಣುತ್ತದೆ. ಪತ್ರದ ಕೊನೆಯ ಸಾಲು ಇನ್ನೂ ಕಠೋರವಾಗಿತ್ತು: ಸುಳ್ಳು ದಾಖಲೆ ಕೊಟ್ಟ ಕಾರಣ ಇವರ ಅರ್ಜಿಯನ್ನು ಮುಂದಿನ ಹತ್ತು ವರ್ಷ ಸ್ವೀಕರಿಸಲಾಗದು; ಆಕ್ಷೇಪವಿದ್ದರೆ ಇಪ್ಪತ್ತೆಂಟು ದಿನದೊಳಗೆ ತಿಳಿಸಬಹುದು. ಅದರಲ್ಲಿ ಹತ್ತೊಂಬತ್ತು ದಿನ ಅಂಚೆಯಲ್ಲೂ ಬೆಟ್ಟದ ದಾರಿಯಲ್ಲೂ ಕಳೆದುಹೋಗಿದ್ದವು. ಹತ್ತು ವರ್ಷ ಕಳೆಯುವಷ್ಟರಲ್ಲಿ ಎಲಿಸಾಳಿಗೆ ಹದಿನೆಂಟು ದಾಟಿರುತ್ತಿತ್ತು. ತಂದೆಯ ಮನೆಗೆ ಹೋಗುವ ಮಗುವಿನ ಹಕ್ಕೂ ಅಲ್ಲಿಗೆ ತೀರುತ್ತಿತ್ತು.

ಉಪ್ರೇತಿ ವಕೀಲರು ಮಹಡಿಯಿಂದ ಇಳಿದು ಬಂದರು. ಆ ಮಹಡಿಯಿಂದ ಅವರು ಇಳಿದದ್ದೇ ಒಂದು ವಿಶೇಷ. ಪತ್ರ ಓದಿ, ಸುತ್ತ ನೋಡಿ, ದನಿ ತಗ್ಗಿಸಿದರು.

"ಇಷ್ಟಕ್ಕೆ ಯಾಕ್ರೀ ಗಾಬರಿ? ಹಳ್ಳಿ ಕಚೇರಿಯ ಮೂಲ ಪತ್ರವೇ ತಪ್ಪಾಗಿತ್ತು ಅಂತ ಅಲ್ಲಿಂದಲೇ ಒಂದು ಕಾಗದ ಬರೆಸಿ ತರಲಿ. ಆ ಗುಮಾಸ್ತನನ್ನ ಇಲ್ಲಿಗೆ ಕರೆದು ಕೇಳೋರು ಯಾರು? ನನ್ನ ಮೊಹರೂ ಉಳಿಯುತ್ತೆ. ನಿಮ್ಮ ಹೆಸರಂತೂ ಅದರಲ್ಲಿ ಇಲ್ಲವೇ ಇಲ್ಲ."

"ಇದರಲ್ಲೆಲ್ಲ ಸರಿಯಾಗಿರೋ ಕಾಗದ ಅದೊಂದೇ ವಕೀಲ್ ಸಾಬ್" ಎಂದರು ಚಿನಿಕಾಜಿ. "ಅದನ್ನೂ ಕೆಡಿಸಿದ್ರೆ ಈ ಮಗು ಯಾವ ದಿನ ಹುಟ್ಟಿತು ಅಂತ ಹೇಳೋಕೆ ಲೋಕದಲ್ಲಿ ಏನೂ ಉಳಿಯಲ್ಲ."

"ಹಾಗಾದ್ರೆ ಏನ್ ಮಾಡ್ತೀರಿ? ನೀವೇ ಹೋಗಿ ತಪ್ಪಾಯ್ತು ಅಂತೀರಾ? ಹೆಸರು ಬರ್ಕೋತಾರೆ. ನಾಳೆಯಿಂದ ನಿಮ್ಮ ಅಕ್ಷರ ಕಂಡ್ರೆ ಸಾಕು, ಕಾಗದ ಎಸೀತಾರೆ. ಈ ವಯಸ್ಸಲ್ಲಿ ಬೇರೆ ಯಾವ ಮರ ಹುಡುಕ್ತೀರಿ?"

ಚಿನಿಕಾಜಿ ಮನಸರಾಳ ಫೋನು ತೆಗೆದುಕೊಂಡು ಆ ಹಿಮದ ದೇಶದ ಅಡುಗೆಯವನಿಗೆ ಕರೆ ಮಾಡಿದರು. "ಭಾಯಿ, ನಾನು ಲಾಜಿಂಪಾಟಿನಲ್ಲಿ ಬರೆಯೋ ಮುದುಕ. ತಪ್ಪು ನನ್ನದು, ನಿನ್ನ ಹೆಂಡತೀದಲ್ಲ, ಊರಿನವರದ್ದೂ ಅಲ್ಲ. ಬೈಯೋದಿದ್ರೆ ಈಗಲೇ ಬೈದುಬಿಡು."

ಆಚೆಯಿಂದ ಪಾತ್ರೆಗಳ ಸದ್ದು ಕೇಳಿಸಿತು. ಆಮೇಲೆ ಆತ ಹೇಳಿದ: "ಬೈಯೋದಕ್ಕೆ ಪುರುಸೊತ್ತಿಲ್ಲ ಬುವಾ. ಮೊದಲು ಸರಿ ಮಾಡಿ."

ನಾನು ಆ ಸಂಜೆ ಅವರನ್ನು ತಡೆಯಲು ನೋಡಿದೆ ಎಂದು ಒಪ್ಪಿಕೊಳ್ಳಬೇಕು. ಪಂಥ ಕಟ್ಟಿಸಿದವನು ನಾನು, ಬೇಕಾದರೆ ನಾನೂ ಬಂದು ಹೇಳುತ್ತೇನೆ ಎಂದೆ. ಅವರು ನಕ್ಕರು. "ಚಪ್ಪಾಳೆ ಹೊಡೆಸಿದ್ದು ನೀವು, ಕುಣಿದಿದ್ದು ನಾನು. ಮಾಡಿದ್ದುಣ್ಣೋ ಮಹರಾಯ ಅಂತ ಇಲ್ವೇ?" ಎಂದು ಡ್ರಾಯರು ಎಳೆದು, ಪಂಚಾಂಗವನ್ನು ಹೊರಗೆ ತೆಗೆದು, ಅಂಚು ಹಿಡಿದು ಧೂಳು ಕೊಡವಿದರು. ಅದು ಈ ವರ್ಷದ್ದು; ಎಲಿಸಾ ಹುಟ್ಟಿದ ವರ್ಷದ ಪಂಚಾಂಗ ಬೇಕಿತ್ತು. ಅದಕ್ಕಾಗಿ ಅಸನ್ ಪೇಟೆಯಲ್ಲಿ ಮೂರು ಅಂಗಡಿ ಸುತ್ತಿದರಂತೆ.

ಮರುದಿನ ಬೆಳಿಗ್ಗೆ ಮನಸರಾಳನ್ನು ಕರೆದುಕೊಂಡು ಅವರು ರಸ್ತೆ ದಾಟಿದರು. ಸಾಲಿನಲ್ಲಿ ನಿಂತಿದ್ದವರಲ್ಲಿ ಅರ್ಧ ಜನ ಅವರ ಕೈಬರಹ ಹಿಡಿದಿದ್ದವರೇ. ಮುಂದೆ ಹೋಗಿ ಎಂದು ಜಾಗ ಬಿಟ್ಟರೂ ಕೇಳದೆ ಕೊನೆಗೇ ನಿಂತರು. ಗೇಟಿನ ಕಾವಲುಗಾರ, "ಏನ್ ಕಾಜಿ ದಾಯಿ, ಕೊನೆಗೂ ನಿಮಗೂ ವಿದೇಶದ ಹುಚ್ಚು ಹಿಡೀತಾ?" ಎಂದು ನಕ್ಕ. ಪರೀಕ್ಷಿಸುವ ಯಂತ್ರ ಹಿತ್ತಾಳೆ ಗುಂಡಿಗೆ ಕಿರುಚಿಕೊಂಡಾಗ ಕೋಟು ಬಿಚ್ಚಬೇಕಾಯಿತು. ಕೋಟಿಲ್ಲದ ಚಿನಿಕಾಜಿಯನ್ನು ನಾನು ಅಂಗಡಿಯ ಬಾಗಿಲಿಂದ ಅಂದೇ ನೋಡಿದ್ದು: ಮೊಣಕೈ ಬಳಿ ಬೇರೆ ಬಣ್ಣದ ನೂಲಿನಲ್ಲಿ ಹೊಲಿದ ಹಳೆಯ ಸ್ವೆಟರು, ಅದರೊಳಗೆ ಹಿಡಿಯಷ್ಟು ಮನುಷ್ಯ. ನನಗೆ ಬಹಳ ಸಂಕಟವಾಯಿತು.

ಒಳಗೆ ನಡೆದದ್ದನ್ನು ಮನಸರಾ ಆಮೇಲೆ ಹೇಳಿದಳು. ಅಲ್ಲೇ ಇದ್ದ ಆ ಕಚೇರಿಯ ದುಭಾಷಿಯೂ ಹೌದೆಂದ. ಗಾಜಿನ ಆಚೆ ಕನ್ನಡಕದ ಒಬ್ಬ ಹೆಂಗಸು ಕುಳಿತಿದ್ದಳಂತೆ. ಚಿನಿಕಾಜಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಅದು ಅರ್ಜಿಯ ಇಂಗ್ಲಿಷು. ಬರೆದು ಅಭ್ಯಾಸ, ಆಡಿ ಅಭ್ಯಾಸವಿಲ್ಲ. ಆದ್ದರಿಂದ ಎದ್ದು ನಿಂತು, ಟೋಪಿ ಸರಿಮಾಡಿಕೊಂಡು, ಅರ್ಜಿಯಂತೆಯೇ ಆರಂಭಿಸಿದರು: ಕೆಳಗೆ ಸಹಿ ಮಾಡಿರುವ ಚಿನಿಕಾಜಿ ತಾಮ್ರಾಕಾರ್ ಎಂಬ ನಾನು ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಸದರಿ ಮಗುವಿನ ಜನ್ಮದಿನವನ್ನು ಭಾಷಾಂತರಿಸುವಾಗ ವರ್ಷವನ್ನು ತಪ್ಪಾಗಿ ನಮೂದಿಸಿದವನು ನಾನೇ ಆಗಿದ್ದು, ತಾಯಿಯದಾಗಲಿ, ಗ್ರಾಮದ ಕಚೇರಿಯದಾಗಲಿ, ಮೊಹರು ಒತ್ತಿದ ವಕೀಲರದಾಗಲಿ ಇದರಲ್ಲಿ ಯಾವ ದೋಷವೂ ಇರುವುದಿಲ್ಲ.

ಆ ಹೆಂಗಸು ಕಡತವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನೀವು ಎಲ್ಲೂ ಸಹಿ ಮಾಡೇ ಇಲ್ಲವಲ್ಲ?" ಎಂದಳಂತೆ.

"ಹೌದು. ಅದಕ್ಕೇ ಬಂದೆ" ಎಂದರಂತೆ ಚಿನಿಕಾಜಿ.

ಪಂಚಾಂಗ ಬಿಚ್ಚಿ, ಪೂಸ್ ಇಪ್ಪತ್ತರ ಮೇಲೆ ಬೆರಳಿಟ್ಟು, ವರ್ಷ ಹೇಗೆ ತಿರುಗುತ್ತದೆಂದು ಗಾಜಿನ ಈಚೆಯಿಂದ ಪಾಠ ಮಾಡಿದರು. ಆಕೆ ಎರಡು ಸಲ ತಪ್ಪು ಕಳೆದು ಮೂರನೆಯ ಸಲ ಸರಿಯಾದ ಇಸವಿಗೆ ಬಂದಳು. ಆಮೇಲೆ ಒಂದು ಬಿಳಿ ಹಾಳೆಯನ್ನು ಕಿಂಡಿಯಿಂದ ತಳ್ಳಿ, ಹೇಳಿದ್ದನ್ನೆಲ್ಲ ಬರೆದುಕೊಡಿ, ಆದರೆ ಇದರಿಂದ ನಿಮಗೆ ತೊಂದರೆಯಾಗಬಹುದು ಎಂದಳು. ಚಿನಿಕಾಜಿ ಬರೆದರು. ಮೂವತ್ತೊಂದು ವರ್ಷ ಊರಿನವರ ಕಾಗದಗಳನ್ನೆಲ್ಲ ಬರೆದ ಆ ಮನುಷ್ಯ ತನ್ನ ಹೆಸರನ್ನು ಮೊದಲ ಸಲ ಬರೆಯುವಾಗ ಮಸಿ ಒಂದು ಕಡೆ ಚೆಲ್ಲಿತೆಂದು ಮನಸರಾ ಹೇಳಿದಳು.

ಚೈತ್ರ ಮುಗಿಯುವಷ್ಟರಲ್ಲಿ ತಾಯಿಗೂ ಮಗಳಿಗೂ ವೀಸಾ ಬಂತು. ಅದೇ ವಾರ ಕಿಟಕಿಯ ಪಕ್ಕದಲ್ಲಿ ಒಂದು ಸೂಚನೆಯೂ ಬಂತು: ಇಂಥವರ ಅನುವಾದಗಳನ್ನು ಒಂದು ವರ್ಷ ಸ್ವೀಕರಿಸುವುದಿಲ್ಲ. ವಕೀಲರು ಹೇಳಿದಂತೆಯೇ ಆಯಿತು. ಆದರೆ ಅವರು ಹೇಳದ್ದೂ ಒಂದು ನಡೆಯಿತು. ಮೇಜಿಗೆ ಬಂದವರಿಗೆಲ್ಲ ಚಿನಿಕಾಜಿ ತಾವಾಗಿಯೇ, "ಎದುರುಗಡೆಗೆ ಆದ್ರೆ ನನ್ನ ಹತ್ತಿರ ಬರೆಸಬೇಡಿ, ನನಗೆ ಶಿಕ್ಷೆ ಆಗಿದೆ" ಎಂದು ಹೇಳಿ, ಕಾರಣವನ್ನೂ ವಿವರಿಸುತ್ತಿದ್ದರು. ಕಾರಣ ಕೇಳಿದ ಜನ ಉಳಿದ ಹದಿಮೂರು ದೇಶಗಳ ಕಾಗದಗಳನ್ನು ಹೊತ್ತು, ಮಹಾರಾಜಗಂಜಿನಿಂದಲೂ ಪಾಟನ್‌ನಿಂದಲೂ ಹುಡುಕಿಕೊಂಡು ಬರತೊಡಗಿದರು. "ತಪ್ಪಾದ್ರೆ ಒಳಗೆ ಹೋಗಿ ಹೇಳೋ ಮುದುಕ ಯಾರು?" ಎಂದು ನನ್ನನ್ನೇ ಎಷ್ಟೋ ಜನ ಕೇಳಿದ್ದಾರೆ.

ಹೊರಡುವ ಮುನ್ನ ಮನಸರಾ ಮಗಳನ್ನು ಕರೆತಂದು, ಅಜ್ಜನಿಗೆ ನಮಸ್ಕಾರ ಮಾಡು ಎಂದಳು. ಹುಡುಗಿ ಕೈ ಮುಗಿಯುವ ಮೊದಲು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: "ನನ್ನನ್ನ ಒಂದು ವರ್ಷ ದೊಡ್ಡೋಳು ಮಾಡಿದ್ದು ನೀವೇನಾ?"

"ನಾನೇ ನಾನಿ."

"ಮತ್ತೆ ಚಿಕ್ಕೋಳು ಮಾಡಿದ್ದು?"

"ಅದೂ ನಾನೇ."

"ಸರಿ ಹಾಗಾದ್ರೆ" ಎಂದು ಅವಳು ಕೈ ಮುಗಿದಳು. ಚಿನಿಕಾಜಿ ಗಟ್ಟಿಯಾಗಿ ನಕ್ಕರು, ಆಮೇಲೆ ಬಹಳ ಹೊತ್ತು ಕಣ್ಣೊರೆಸಿಕೊಂಡರು.

ನಮ್ಮಂಥ ಸಣ್ಣ ದೇಶದ ರಾಜಧಾನಿಯಲ್ಲಿ ದೊಡ್ಡ ದೇಶಗಳ ಬಾಗಿಲುಗಳು ಸಾಲಾಗಿ ನಿಂತಿವೆ. ಆ ಬಾಗಿಲಿಗೂ ಬೀದಿಗೂ ನಡುವಿನ ಮಾರುದ್ದ ಜಾಗದಲ್ಲಿ ಈ ಬರೆಯುವವರ ಕುಲ ಬಾಳುತ್ತದೆ. ಅವರು ನಮ್ಮ ಹುಟ್ಟನ್ನೂ ಮದುವೆಯನ್ನೂ ಇನ್ನೊಬ್ಬರ ಮಾತಿಗೆ ದಾಟಿಸುತ್ತಾರೆ. ಸರಿಯಾದರೆ ಪುಣ್ಯ ಅರ್ಜಿದಾರನದು, ತಪ್ಪಾದರೆ ಆ ಪಾಪಕ್ಕೆ ವಾರಸುದಾರರೇ ಇಲ್ಲ. ಗಾಜಿನ ಕಿಟಕಿಗಳು ಅನುಮಾನಪಡುವುದು ನಮ್ಮ ಸುಳ್ಳುಗಳಿಗಿಂತ ಹೆಚ್ಚಾಗಿ ಈ ವಾರಸುದಾರರಿಲ್ಲದ ತಪ್ಪುಗಳ ಕಾರಣದಿಂದ ಎಂದು ನನಗೆ ಈಗ ತೋರುತ್ತದೆ. ಅಂಥ ಒಂದು ತಪ್ಪನ್ನು ತನ್ನದೆಂದು ಹೇಳಲು ಒಬ್ಬ ಮುದುಕ ಬೆಳಿಗ್ಗೆ ಎದ್ದು ಸಾಲಿನ ಕೊನೆಯಲ್ಲಿ ಹೋಗಿ ನಿಂತರೆ, ಆಚೆ ಕುಳಿತವರೂ ಪೆನ್ನು ಹಿಡಿದು ಲೆಕ್ಕವನ್ನು ಮತ್ತೆ ಮಾಡಿ ನೋಡುತ್ತಾರೆ. ಆ ಸಾಲನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆ ಲೆಕ್ಕವನ್ನು ಕಂಡವರ ಬಾಯಿಂದ ಕೇಳಿದ್ದೇನೆ, ಅದಕ್ಕೇ ನಂಬುತ್ತೇನೆ.